ಕಿಟ್ ಕಾರಿನ ಸ್ಟೇರಿಂಗ್‌ಗೆ ಆಟೋ ಕಾಂಪ್ಲೆಕ್ಸ್‌ನ ಅಲೈನ್‌ಮೆಂಟ್ ಶೆಡ್

ಲೋಟಸ್ ಸೆವೆನ್ ಮಾದರಿಯ ಕಿಟ್ ಕಾರಿನ (ಬಿಡಿಭಾಗಗಳಿಂದ ನಾವೇ ಜೋಡಿಸಿಕೊಳ್ಳುವ ಕಾರು) ಸ್ಟೇರಿಂಗ್ ಒಂದು ಕಡೆಗೆ ಎಳೆದರೆ ಹೆಚ್ಚಿನ ಕಡೆ ಮೊದಲು ಕಂಪ್ಯೂಟರ್ ಅಲೈನ್‌ಮೆಂಟ್‌ಗೇ ಹತ್ತಿಸುತ್ತಾರೆ. ಆದರೆ ಚಕ್ರ ಹಿಡಿದ ಕೀಲುಗಳಾದ ಬುಶ್, ಬಾಲ್ ಜಾಯಿಂಟ್ ಲೂಸಿದ್ದರೆ ಪರದೆಯ ಅಂಕಿಗೆ ಬೆಲೆಯೇ ಇಲ್ಲ. ಶಿವಮೊಗ್ಗದ ಸಾಗರ ರಸ್ತೆಯ ಈ ಶೆಡ್‌ನವರು ಮೊದಲು ಮುಂದಿನ ಚಕ್ರ ಎತ್ತಿ ಅಲ್ಲಾಡಿಸುತ್ತಾರೆ. ಮೇಲೆ ಕೆಳಗೆ ಹಿಡಿದಾಗ ಪ್ಲೇ (ಸಡಿಲ) ಇದ್ದರೆ ಬೇರಿಂಗ್ ಇಲ್ಲವೇ ಬಾಲ್ ಜಾಯಿಂಟ್. ಅಕ್ಕಪಕ್ಕ ಹಿಡಿದಾಗ ಮಾತ್ರ ಇದ್ದರೆ ಚಕ್ರ ತಿರುಗಿಸುವ ಸಲಾಕೆಯ ತುದಿಯಾದ ಟೈ ರಾಡ್ ಎಂಡ್ ಅಥವಾ ಅದನ್ನು ತಳ್ಳುವ ಹಲ್ಲಿನ ದಂಡವಾದ ರ‍್ಯಾಕ್.

ಇವರ ಕೈಗುಣ ತಿಳಿಯುವುದು ಬಂಪ್ ಸ್ಟೀರ್ ಹುಡುಕುವಾಗ. ಗುಂಡಿಗೆ ಇಳಿದೊಡನೆ ಕಾರು ತಾನಾಗಿ ದಿಕ್ಕು ಬದಲಿಸುವುದು ಕಿಟ್ ಕಾರುಗಳ ಹಳೇ ಕಾಯಿಲೆ. ಬೇರೆ ಕಾರಿನ ರ‍್ಯಾಕನ್ನು ತಪ್ಪು ಎತ್ತರದಲ್ಲಿ ಕೂರಿಸಿದರೆ ಟೈ ರಾಡ್ ಮತ್ತು ಚಕ್ರ ಹಿಡಿದ ತೋಳಾದ ವಿಶ್‌ಬೋನ್ ಒಂದೇ ಕಮಾನಿನಲ್ಲಿ ಚಲಿಸುವುದಿಲ್ಲ, ಚಕ್ರ ಏರಿಳಿದಂತೆ ಟೋ (ಚಕ್ರ ಒಳಕ್ಕೋ ಹೊರಕ್ಕೋ ತಿರುಗಿರುವ ಅಳತೆ) ಬದಲಾಗುತ್ತದೆ. ಸ್ಪ್ರಿಂಗ್ ಬಿಚ್ಚಿ, ಸ್ಟೇರಿಂಗ್ ನೇರಕ್ಕೆ ಕಟ್ಟಿ, ಜಾಕ್‌ನಿಂದ ಚಕ್ರದ ಹಬ್ ಅನ್ನು 10 ಮಿ.ಮೀ.ನಂತೆ ಏರಿಸುತ್ತ ಪ್ರತಿ ಹಂತದಲ್ಲೂ ಟೋ ಅಳೆದು ಸೀಮೆಸುಣ್ಣದಲ್ಲಿ ನೆಲದ ಮೇಲೆ ಬರೆಯುತ್ತಾರೆ. ಆಮೇಲೆ ರ‍್ಯಾಕ್ ಅಡಿಗೆ ಶಿಮ್ (ತೆಳು ತಗಡು) ಹಾಕಿ ಅಥವಾ ತೆಗೆದು ಮತ್ತೆ ಅಳತೆ. ಅರ್ಧ ದಿನ ಬೇಕು, ದಯವಿಟ್ಟು ಅವಸರ ಮಾಡಬೇಡಿ.

ತಿರುವಿನ ನಂತರ ಸ್ಟೇರಿಂಗ್ ವಾಪಸ್ ಬರದಿದ್ದರೆ ಕ್ಯಾಸ್ಟರ್ (ಚಕ್ರ ತಿರುಗುವ ಅಕ್ಷ ಹಿಂದಕ್ಕೆ ವಾಲಿರುವ ಕೋನ) ನೋಡಿಸಿ. ಆಗುಂಬೆಯ 14 ಹೇರ್‌ಪಿನ್ ತಿರುವುಗಳಲ್ಲಿ ಆ ಕೊರತೆ ಭುಜಕ್ಕೇ ತಿಳಿಯುತ್ತದೆ. ಸ್ಟೇರಿಂಗ್ ಒಂದು ಸುತ್ತು ತಿರುಗುವಾಗ ಎರಡು ಸಲ ಬಿಗಿಯಾದರೆ ಕಾಲಮ್‌ನ ಯುನಿವರ್ಸಲ್ ಜಾಯಿಂಟ್ (ಕೋನದಲ್ಲೂ ತಿರುಗುವ ಕೀಲು) ಕೂರಿಸಿದ್ದು ತಪ್ಪಿರಬಹುದು, ಅಥವಾ ಜಾಯಿಂಟೇ ಹಿಡಿದಿರಬಹುದು.

ಬಿಡಿಭಾಗ ಇವರಲ್ಲಿ ಸಿಗುವುದಿಲ್ಲ, ನೀವೇ ತರಬೇಕು. ಮಳೆಗಾಲಕ್ಕೆ ಮುಂಚೆ ರ‍್ಯಾಕ್‌ನ ರಬ್ಬರ್ ಬೂಟನ್ನೂ ಕೇಳಿ ಪರೀಕ್ಷೆ ಮಾಡಿಸಿಕೊಳ್ಳಿ. ಹರಿದಿದ್ದರೆ ಮಲೆನಾಡಿನ ಕೆಸರು ಹಲ್ಲುಗಳನ್ನೇ ಸವೆಸುತ್ತದೆ.