ಬ್ರೇಕ್ ಒತ್ತಿದಾಗ ಸ್ಟೇರಿಂಗ್ ನಡುಗಿದರೆ ಮೊದಲು ಟೈರ್ ಅಂಗಡಿಗೆ ಓಡಬೇಡಿ

ನಿಮ್ಮ ಕಾರಿನ ಸ್ಟೇರಿಂಗ್ ಸುಮ್ನೆ ಓಡಿಸುವಾಗ ಸರಿಯಾಗಿದ್ದು, ಬ್ರೇಕ್ ಒತ್ತಿದ ಕೂಡಲೇ ಗಡಗಡ ಅಂತ ನಡುಗುತ್ತಿದ್ದರೆ ಮೊದಲು ಇದನ್ನು ಓದಿ, ಆಮೇಲೆ ಗ್ಯಾರೇಜಿಗೆ ಹೋಗಿ. ನಾನು ಉಲ್ಟಾ ಮಾಡಿದೆ. 19,900 ರೂಪಾಯಿ ಹೋಯಿತು, ನಡುಕ ಹೋಗಲಿಲ್ಲ. ಕೊನೆಗೆ ಹಾಸನದಲ್ಲಿ ಒಬ್ಬರು 1,500ಕ್ಕೆ ಸರಿಮಾಡಿಕೊಟ್ಟರು.

ಶುರುವಾಗಿದ್ದು ಧರ್ಮಸ್ಥಳಕ್ಕೆ ಹೋದಾಗ. ಕೊಟ್ಟಿಗೆಹಾರದಿಂದ ಚಾರ್ಮಾಡಿ ಘಾಟಿ ಇಳಿಯುವಾಗ ಎರಡನೇ ಗೇರಿಗೆ ಹಾಕಿ ಎಂಜಿನ್ ಮೇಲೆ ಇಳಿಸಬೇಕಿತ್ತು. ನಾನು ಮೂರನೇ ಗೇರಲ್ಲಿ ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಇಳಿದೆ. ಕೆಳಗೆ ಬಂದಾಗ ಸುಟ್ಟ ವಾಸನೆ. ಟೀ ಅಂಗಡಿ ಮುಂದೆ ನಿಲ್ಲಿಸಿ, ಬ್ರೇಕ್ ಒತ್ತಿಕೊಂಡೇ ಐದು ನಿಮಿಷ ಫೋನಲ್ಲಿ ಮಾತಾಡಿದೆ. ಕಾದ ಡಿಸ್ಕ್ (ಚಕ್ರದ ಜೊತೆ ತಿರುಗುವ ಕಬ್ಬಿಣದ ತಟ್ಟೆ) ಮೇಲೆ ಪ್ಯಾಡನ್ನು (ಅದನ್ನು ಒತ್ತಿ ನಿಲ್ಲಿಸುವ ಬಿಲ್ಲೆ) ಹಾಗೆ ಒಂದೇ ಕಡೆ ಅದುಮಿ ಹಿಡಿದರೆ ಪ್ಯಾಡಿನ ಮಸಾಲೆ ಅಲ್ಲೇ ಅಂಟಿ ಕಲೆ ಕೂರುತ್ತದೆ ಅಂತ ಆಗ ಯಾರಿಗೆ ಗೊತ್ತಿತ್ತು. ವಾಪಸ್ ಬರುವಾಗ ಹಾಸನ ದಾಟಿ ಟೋಲ್ ಹತ್ತಿರ 90ರಿಂದ ಬ್ರೇಕ್ ಒತ್ತಿದೆ, ಸ್ಟೇರಿಂಗ್ ಕೈಯಲ್ಲಿ ಕುಣಿಯಿತು. ಪಕ್ಕದಲ್ಲಿದ್ದ ಹೆಂಡತಿ, ಟೈರ್ ಏನಾದ್ರೂ ಪಂಕ್ಚರ್ ಆಯ್ತಾ ನೋಡ್ರಿ ಅಂದಳು.

ನಾನೂ ಟೈರ್ ಅಂತಲೇ ಅಂದುಕೊಂಡೆ. ಬೆಂಗಳೂರಿಗೆ ಬಂದು ವೀಲ್ ಬ್ಯಾಲೆನ್ಸಿಂಗ್, ಅಲೈನ್‌ಮೆಂಟ್ ಮಾಡಿಸಿದೆ, 1,400. ಏನೂ ಬದಲಾಗಲಿಲ್ಲ. ಇನ್ನೊಂದು ಗ್ಯಾರೇಜಿನವರು ಕಾರನ್ನು ಜಾಕ್ ಮೇಲೆ ಎತ್ತಿ, ಅಲ್ಲಾಡಿಸಿ, 'ಸಾರ್, ಲೋವರ್ ಆರ್ಮ್ ಬುಷ್ ಹೋಗಿದೆ, ಟೈ ರಾಡ್ ಎಂಡೂ ಹೋಗಿದೆ' ಅಂದರು. ಒಂದು ಚಕ್ರ ಹಿಡಿದಿರುವ ತೋಳಿನ ರಬ್ಬರ್, ಇನ್ನೊಂದು ಸ್ಟೇರಿಂಗನ್ನು ಚಕ್ರಕ್ಕೆ ಸೇರಿಸುವ ಕೀಲು. ಹಾಕಿಸಿದೆ, 9,800. 62,000 ಕಿಲೋಮೀಟರ್ ಓಡಿದ ಗಾಡಿ, ಬುಷ್ ಸವೆದಿದ್ದರೂ ಇರಬಹುದು, ಅದಕ್ಕೆ ಅವರನ್ನು ಪೂರ್ತಿ ಬೈಯೋಕಾಗಲ್ಲ. ಸವೆದ ಬುಷ್ ಇದ್ದರೆ ನಡುಕ ಕೈಗೆ ಜಾಸ್ತಿ ಗೊತ್ತಾಗುತ್ತದೆ, ಅಷ್ಟೇ. ನಡುಕ ಹುಟ್ಟುವ ಜಾಗ ಬೇರೆ. ನನಗೆ ಸಿಟ್ಟು ಬರುವುದು ಯಾಕೆ ಅಂದರೆ, ಇಬ್ಬರೂ ಟ್ರಯಲ್ ನೋಡಿದ್ದು ಗ್ಯಾರೇಜ್ ಹಿಂದಿನ ರಸ್ತೆಯಲ್ಲಿ, 40ರ ಸ್ಪೀಡಲ್ಲಿ. 40ರಲ್ಲಿ ನನ್ನ ಕಾರು ಸಾಧುವಿನ ಹಾಗೆ ಇರುತ್ತಿತ್ತು!

ಮೂರನೇ ಗ್ಯಾರೇಜು ಡಿಸ್ಕ್ ಅಂತ ಸರಿಯಾಗಿಯೇ ಹೇಳಿತು. ಮುಂದಿನ ಎರಡು ಡಿಸ್ಕ್, ಪ್ಯಾಡ್, ಕೂಲಿ ಸೇರಿ 8,700. ಹೊಸದು ಹಾಕಿದ ದಿನ ತುಮಕೂರು ರಸ್ತೆಯಲ್ಲಿ 100ರಿಂದ ಬ್ರೇಕ್ ಒತ್ತಿದೆ, ಬೆಣ್ಣೆ ಹಾಗೆ ನಿಂತಿತು. ಖುಷಿಯಾಗಿ ಹುಡುಗನಿಗೆ ಇನ್ನೂರು ಟಿಪ್ಸ್ ಬೇರೆ ಕೊಟ್ಟೆ.

ನಾಲ್ಕು ಸಾವಿರ ಕಿಲೋಮೀಟರ್ ಆಗುವಷ್ಟರಲ್ಲಿ ನಡುಕ ವಾಪಸ್ ಬಂತು. ಗ್ಯಾರೇಜಿಗೆ ಹೋದರೆ 'ನೀವು ಬ್ರೇಕ್ ಜೋರಾಗಿ ಹಾಕ್ತೀರ ಸಾರ್, ಡಿಸ್ಕ್ ಬೆಂಡ್ ಆಗಿದೆ, ಇನ್ನೊಂದು ಸೆಟ್ ಹಾಕೋಣ' ಅಂದರು. ಆವಾಗ ಎದ್ದು ಬಂದೆ.

ಹಾಸನದ ಮೆಕ್ಯಾನಿಕ್ ಯಜಮಾನರ ಬಗ್ಗೆ ಹೇಳಿದ್ದು ನಮ್ಮ ಭಾವ. ಅವರು ಕಾರು ಎತ್ತುವ ಮೊದಲು ನನ್ನ ಪಕ್ಕ ಕೂತು ಹೈವೇಗೆ ಕರೆದುಕೊಂಡು ಹೋದರು. ಮೊದಲು 100ರಲ್ಲಿ ಬ್ರೇಕ್ ಮುಟ್ಟದೆ ಓಡಿಸಿ ಅಂದರು. ನಡುಕ ಇಲ್ಲ. ಹಾಗಾದರೆ ಬ್ಯಾಲೆನ್ಸಿಂಗ್ ಅಲ್ಲ, ಬ್ಯಾಲೆನ್ಸ್ ಹೋಗಿದ್ದರೆ ಬ್ರೇಕ್ ಒತ್ತದೇನೇ ನಡುಗುತ್ತದೆ. ಆಮೇಲೆ ಮೆತ್ತಗೆ ಬ್ರೇಕ್. ಸ್ಟೇರಿಂಗ್ ನಡುಗಿತು. ಸ್ಪೀಡ್ ಇಳಿದ ಹಾಗೆ ನಡುಕವೂ ನಿಧಾನವಾಯಿತು. ಚಿಕ್ಕ ಕಾರಿನ ಚಕ್ರ 100ರಲ್ಲಿ ಸೆಕೆಂಡಿಗೆ ಸುಮಾರು 15 ಸುತ್ತು ಸುತ್ತುತ್ತದೆ, ಡಿಸ್ಕಿನ ದಪ್ಪ ಜಾಗ ಸುತ್ತಿಗೊಮ್ಮೆ ಪ್ಯಾಡಿನ ಕೆಳಗೆ ಬಂದರೆ ಅಷ್ಟು ಸಲ ಕೈಗೆ ಹೊಡೆತ. ಮುಂದಿನ ಡಿಸ್ಕ್ ಆದರೆ ಕೈಗೆ ಗೊತ್ತಾಗುತ್ತದೆ, ಹಿಂದಿನ ಡ್ರಮ್ ಆದರೆ ಜಾಸ್ತಿ ಸೀಟಿಗೆ. ಸಂಶಯ ಇದ್ದರೆ ಖಾಲಿ ರಸ್ತೆಯಲ್ಲಿ, ಹಿಂದೆ ಗಾಡಿ ಇಲ್ಲದಾಗ, ಬಟನ್ ಒತ್ತಿಕೊಂಡೇ ಹ್ಯಾಂಡ್ ಬ್ರೇಕನ್ನು ಚೂರು ಚೂರೇ ಎಳೆದು ನೋಡುವುದು. ಅದರಲ್ಲೂ ನಡುಗಿದರೆ ತೊಂದರೆ ಹಿಂದೆ ಇದೆ. ನನ್ನದರಲ್ಲಿ ಏನೂ ಇರಲಿಲ್ಲ. (ಗಾಬರಿಯಲ್ಲಿ ಜೋರಾಗಿ ಒತ್ತಿದಾಗ ಪೆಡಲ್ ಟಕಟಕ ಅಂತ ಕಾಲಿಗೆ ಹೊಡೆದರೆ ಅದು ಎಬಿಎಸ್ (ಚಕ್ರ ಜಾಮ್ ಆಗಿ ಜಾರದ ಹಾಗೆ ನೋಡಿಕೊಳ್ಳುವ ವ್ಯವಸ್ಥೆ), ಅದನ್ನು ರಿಪೇರಿಗೆ ಕೊಡಬೇಡಿ.)

ವಾಪಸ್ ಬಂದ ಮೇಲೆ ಎರಡು ಮುಂದಿನ ಚಕ್ರಗಳ ಹತ್ತಿರ ಕೈ ತಂದು ಬಿಸಿ ನೋಡಿದರು, ಮುಟ್ಟಲಿಲ್ಲ. ಒಂದು ಕಡೆ ಮಾತ್ರ ಜಾಸ್ತಿ ಸುಡುತ್ತಿದ್ದರೆ ಕ್ಯಾಲಿಪರ್ (ಪ್ಯಾಡನ್ನು ಡಿಸ್ಕಿಗೆ ಅದುಮುವ ಹಿಡಿ) ಪಿನ್ ಜಾಮ್ ಆಗಿ ಪ್ಯಾಡ್ ಬಿಡದೇ ಇರಬಹುದು. ಆಮೇಲೆ ಚಕ್ರ ಬಿಚ್ಚಿದರು. ಬೇರಿಂಗಲ್ಲಿ ಆಟ ಇದೆಯಾ ನೋಡಿದರು. ನಟ್ಟುಗಳಿಗೆ ವಾಷರ್ ಕೊಟ್ಟು ಡಿಸ್ಕನ್ನು ಹಬ್ಬಿಗೆ (ಡಿಸ್ಕ್, ಚಕ್ರ ಎರಡೂ ಕೂರುವ ನಡುಭಾಗ) ಬಿಗಿ ಮಾಡಿ, ಅಂಚಿನಿಂದ ಒಂದು ಸೆಂಟಿಮೀಟರ್ ಒಳಗೆ ಡಯಲ್ ಗೇಜ್ (ಸಣ್ಣ ಓರೆಯನ್ನೂ ಮುಳ್ಳಿನಲ್ಲಿ ತೋರಿಸುವ ಅಳತೆ ಸಾಧನ) ಇಟ್ಟು ಕೈಯಲ್ಲಿ ಮೆಲ್ಲಗೆ ತಿರುಗಿಸಿದರು. ಮುಳ್ಳು ಹೋಗಿ ಬಂತು. ಡಿಸ್ಕ್ ಓರೆಯಾಗಿ ತಿರುಗುತ್ತಿತ್ತು, 0.12 ಮಿಲಿಮೀಟರ್. ಇದು 0.05ರ ಒಳಗೆ ಇದ್ದರೆ ಒಳ್ಳೆಯದು ಅಂದರು. ಮೂರು ಗ್ಯಾರೇಜಿನಲ್ಲಿ ಒಬ್ಬರೂ ಈ ಗೇಜ್ ಹೊರಗೆ ತೆಗೆದಿರಲಿಲ್ಲ.

ಡಿಸ್ಕ್ ಕಳಚಿ ನನ್ನನ್ನು ಕರೆದು ತೋರಿಸಿದರು. ಹಬ್ಬಿನ ಮುಖದ ಮೇಲೆ, ಸ್ಟಡ್‌ಗಳ ಸುತ್ತ, ತುಕ್ಕು ಚಕ್ಕೆ ಚಕ್ಕೆಯಾಗಿ ಕೂತಿತ್ತು. ಉಗುರಿಗೆ ತಾಗುವಷ್ಟು. ಅದರ ಮೇಲೇ ಹೊಸ ಡಿಸ್ಕ್ ಕೂರಿಸಿದ್ದಾರೆ. 'ನೆಲ ಗುಡಿಸದೆ ಚಾಪೆ ಹಾಸಿದ ಹಾಗೆ ಮಾಡಿದಾರೆ ಸಾರ್' ಅಂದರು ಯಜಮಾನರು.

ನನಗೆ ತಲೆಗೆ ಹೋಗದಿದ್ದದ್ದು ಒಂದೇ. ಮೊದಲ ದಿನದಿಂದ ಡಿಸ್ಕ್ ಓರೆ ಇದ್ದರೆ ನಾಲ್ಕು ಸಾವಿರ ಕಿಲೋಮೀಟರ್ ಯಾಕೆ ಸುಮ್ಮನಿತ್ತು? ಅವರು ಹೇಳಿದ್ದು ಹೀಗೆ. ಅಷ್ಟು ಸಣ್ಣ ಓರೆಗೆ ಕ್ಯಾಲಿಪರ್ ತಾನೂ ಅತ್ತಿತ್ತ ಸರಿದು ಹೊಂದಿಕೊಳ್ಳುತ್ತದೆ, ಅದಕ್ಕೆ ಮೊದಮೊದಲು ಗೊತ್ತಾಗಲ್ಲ. ಆದರೆ ಬ್ರೇಕ್ ಒತ್ತದೆ ಓಡುವಾಗಲೂ ಡಿಸ್ಕಿನ ಉಬ್ಬಿದ ಭಾಗ ಪ್ರತಿ ಸುತ್ತಿಗೂ ಪ್ಯಾಡಿಗೆ ಸವರಿಕೊಂಡು ಹೋಗುತ್ತದೆ. ಅಲ್ಲಿ ಮಾತ್ರ ಸವೆಯುತ್ತದೆ. ಕೆಲವು ಸಾವಿರ ಕಿಲೋಮೀಟರ್ ಆಗುವಾಗ ಡಿಸ್ಕ್ ಒಂದು ಕಡೆ ತೆಳ್ಳಗೆ, ಇನ್ನೊಂದು ಕಡೆ ದಪ್ಪ. ಮೈಕ್ರೋಮೀಟರಲ್ಲಿ ಎಂಟು ಜಾಗದಲ್ಲಿ ದಪ್ಪ ಅಳೆದಾಗ ನನ್ನ ಡಿಸ್ಕಿನಲ್ಲಿ 0.03 ಮಿಲಿಮೀಟರ್ ವ್ಯತ್ಯಾಸ ಬಂತು. ತಲೆಕೂದಲಿಗಿಂತ ಕಡಿಮೆ, ಸ್ಟೇರಿಂಗ್ ಕುಣಿಸುವುದಕ್ಕೆ ಅಷ್ಟು ಸಾಕಂತೆ. ಡಿಸ್ಕ್ 'ಬೆಂಡ್' ಆಗಿತ್ತು ಅನ್ನೋ ಮಾತೇ ಸುಳ್ಳು. ಅವರ ಮಾತು ಕೇಳಿ ಇನ್ನೊಂದು ಸೆಟ್ ಹಾಕಿಸಿದ್ದರೆ ಇನ್ನೊಂದು ನಾಲ್ಕು ಸಾವಿರಕ್ಕೆ ಮತ್ತೆ ಅದೇ ಕಥೆ, ಅಲ್ವಾ?

ತಂತಿ ಬ್ರಷ್ ಮತ್ತು ಉಪ್ಪು ಕಾಗದ ಹಿಡಿದು ಒಂದೊಂದು ಹಬ್ಬಿಗೂ ಹತ್ತು ನಿಮಿಷ ಉಜ್ಜಿದರು. ಡಿಸ್ಕುಗಳನ್ನು ಲೇತ್ ಅಂಗಡಿಯಲ್ಲಿ ತೆಳುವಾಗಿ ಸ್ಕಿಮ್ ಮಾಡಿಸಿದರು, ಅಂದರೆ ಮೇಲ್ಮೈ ಕೆತ್ತಿಸಿ ಸಮ ಮಾಡಿಸಿದರು, ಅದಕ್ಕೂ ಮೊದಲು ಡಿಸ್ಕ್ ಮೇಲೇ ಕೊರೆದಿರುವ ಕನಿಷ್ಠ ದಪ್ಪ ಓದಿ ನೋಡಿದರು. ನನ್ನದಕ್ಕೆ 18 ಮಿಲಿಮೀಟರ್, ಇನ್ನೂ 19ರ ಮೇಲಿತ್ತು. ಆ ಅಂಕೆಗಿಂತ ಕೆಳಗೆ ಹೋಗುತ್ತೆ ಅಂದರೆ ಯಾರು ಹೇಳಿದರೂ ಸ್ಕಿಮ್ ಮಾಡಿಸಬೇಡಿ, ಹೊಸದೇ ಹಾಕಿಸಿ. ಮತ್ತೆ ಡಯಲ್ ಗೇಜ್ ಇಟ್ಟಾಗ ಓರೆ 0.03. ಇದಾಗಿ ಈಗ 11,000 ಕಿಲೋಮೀಟರ್ ಓಡಿದೆ, ಶಿರಾಡಿ ಎರಡು ಸಲ ಇಳಿದಿದ್ದೇನೆ, ಸ್ಟೇರಿಂಗ್ ಅಲ್ಲಾಡಿಲ್ಲ.

ಹಾಗಾಗಿ ಡಿಸ್ಕ್ ಬದಲಾಯಿಸಿ ಅಂದ ಕೂಡಲೇ ಎರಡು ಮಾತು ಕೇಳಿ: ಡಯಲ್ ಗೇಜ್ ಇದೆಯಾ, ಹಬ್ ಕ್ಲೀನ್ ಮಾಡ್ತೀರಾ. ಮುಖ ಸಿಂಡರಿಸಿದರೆ ಬೇರೆ ಕಡೆ ಹೋಗಿ. ಕೆಲಸ ಮಾಡುವಾಗ ಅಲ್ಲೇ ನಿಂತಿರಿ, ಕಾಫಿಗೆ ಹೋಗಬೇಡಿ.

ವೀಲ್ ನಟ್ಟಿನ ವಿಷಯವೂ ಇದೆ. ನಟ್ ಬಿಗಿಯುವ ಗಾಳಿ ಗನ್ ಹಿಡಿದು ಒಂದನ್ನು ಸಡಿಲ, ಒಂದನ್ನು ಯಮ ಬಿಗಿ ಮಾಡಿದರೂ ಡಿಸ್ಕ್ ಓರೆಯಾಗುತ್ತದೆ ಅಂತ ಯಜಮಾನರು ಹೇಳಿದ್ದರು. ಹೋದ ತಿಂಗಳು ಪಂಕ್ಚರ್ ಅಂಗಡಿಯಲ್ಲಿ ಹುಡುಗ ಗನ್ ತಂದ. ಬೇಡಪ್ಪ, ಕೈಯಲ್ಲೇ ಹಾಕು ಅಂದೆ. 'ಲೂಸ್ ಆದ್ರೆ ನನ್ ಮೇಲೆ ಬರಬೇಡಿ ಅಣ್ಣ' ಅಂದ. ಡಿಕ್ಕಿಯಿಂದ ನನ್ನ ಟಾರ್ಕ್ ರೆಂಚ್ (ಎಷ್ಟು ಬಿಗಿ ಬೇಕೋ ಅಷ್ಟಕ್ಕೆ ಇಟ್ಟು ಬಿಗಿಯುವ ಸ್ಪ್ಯಾನರ್) ತೆಗೆದು, ಕಾರಿನ ಪುಸ್ತಕದಲ್ಲಿ ಇರುವ ಹಾಗೆ 85 ನ್ಯೂಟನ್ ಮೀಟರಿಗೆ ಇಟ್ಟು, ಎದುರುಬದುರು ನಟ್ಟುಗಳನ್ನು ಕಟಕ್ ಅನ್ನುವ ತನಕ ಬಿಗಿ ಮಾಡಿದೆ. ಹುಡುಗ ರೆಂಚ್ ಇಸಕೊಂಡು ತಿರುಗಿಸಿ ನೋಡಿ, 'ಇದು ಎಷ್ಟು ಬೀಳುತ್ತೆ ಅಣ್ಣ?' ಅಂದ.