ಚೀರಾಟ, ಪಿಸುಮಾತು, ಗುಡುಗು: ವಿಚಿತ್ರ ಕ್ರೈಸ್ತ ಇಂಡೀ ರಾಕ್‌ನಲ್ಲಿ ಯಾವುದು ಯಾರಿಗೆ?

ಕ್ರಿಶ್ಚಿಯನ್ ರಾಕ್ ಅಂದ ಕೂಡಲೇ ಬಹಳ ಜನರಿಗೆ ಒಂದೇ ಥರದ ಸದ್ದು ನೆನಪಾಗುತ್ತದೆ. ನಯವಾದ ಗಿಟಾರ್, ಕೈ ಮೇಲೆತ್ತಿ ಹಾಡುವ ಗುಂಪು, ಎಲ್ಲಾ ಸರಿಹೋಗುತ್ತದೆ ಅನ್ನುವ ಪಲ್ಲವಿ. ಅಮೆರಿಕದ ನ್ಯಾಶ್‌ವಿಲ್ ಸುತ್ತ ಬೆಳೆದ ಆ ವ್ಯಾಪಾರ ನನ್ನ ವಿಷಯ ಅಲ್ಲ. ಅದರ ಹಿತ್ತಲಲ್ಲಿ ಇನ್ನೊಂದು ಗುಂಪಿದೆ. ಬೈಬಲ್ಲನ್ನು ಇನ್ನೂ ಗಟ್ಟಿಯಾಗಿ ಹಿಡಿದವರು, ಆದರೆ ಹಾಡು ಶುರುವಾದರೆ ಚರ್ಚಿನವರೇ ಗಾಬರಿಯಾಗುವಂಥವರು. ಇಂಡೀ ರಾಕ್ (ದೊಡ್ಡ ಕಂಪನಿಗಳ ಹಂಗಿಲ್ಲದ ರಾಕ್) ಕೇಳುಗರಿಗೆ ಇವರಲ್ಲಿ ದೇವರು ಜಾಸ್ತಿಯಾದ. ಕ್ರೈಸ್ತ ಅಂಗಡಿಗಳಿಗೆ ಇವರ ಹುಚ್ಚು ಜಾಸ್ತಿಯಾಯಿತು. ಹಾಗಾಗಿ ಇಬ್ಬರಿಗೂ ಪೂರ್ತಿ ಸೇರದೆ ಉಳಿದರು.

ನಾನು ಕ್ರೈಸ್ತನಲ್ಲ. ಇಂಗ್ಲಿಷ್ ಹಾಡಿನ ಹುಚ್ಚು ಇದೆ, ಅಷ್ಟೇ. ಇವರಲ್ಲಿ ಕೆಲವರ ಆಲ್ಬಂಗಳನ್ನು ಒಂದರ ಪಕ್ಕ ಒಂದಿಟ್ಟು ಬಹಳ ಸಮಯದಿಂದ ಕೇಳುತ್ತಿದ್ದೇನೆ. ಅಡುಗೆ ಮಾಡುವಾಗ ಸ್ಪೀಕರ್‌ನಲ್ಲಿ, ಬಸ್ಸಿನಲ್ಲಿ ಇಯರ್‌ಫೋನ್‌ನಲ್ಲಿ, ರಾತ್ರಿ ದೀಪ ಆರಿಸಿ. ಪಕ್ಕದಲ್ಲಿ ಒಂದು ಕನ್ನಡ ಬೈಬಲ್ ಇಟ್ಟುಕೊಂಡಿದ್ದೆ. ಅದು ಬಹಳ ಉಪಯೋಗಕ್ಕೆ ಬಂತು. ನನ್ನ ಪ್ರಶ್ನೆ ಇಷ್ಟೇ: ಇವರ ನಂಬಿಕೆ ಇಲ್ಲದವನ ಕಿವಿಯಲ್ಲಿ ಯಾವುದು ನಿಲ್ಲುತ್ತದೆ?

ಮೊದಲು ಡ್ಯಾನಿಯಲ್ಸನ್ ಎಂಬ ತಂಡ. ಇದನ್ನು ಕೇಳದೆ ಉಳಿದವರ ಬಗ್ಗೆ ಮಾತಾಡಿ ಪ್ರಯೋಜನ ಇಲ್ಲ.

ಡ್ಯಾನಿಯಲ್ ಸ್ಮಿತ್ ನ್ಯೂಜೆರ್ಸಿಯ ಕ್ಲಾರ್ಕ್ಸ್‌ಬರೋ ಊರಿನವರು. ರಟ್ಗರ್ಸ್ ವಿಶ್ವವಿದ್ಯಾಲಯದ ಕೊನೆಯ ವರ್ಷದ ಪ್ರಾಜೆಕ್ಟ್ ಅಂತ ಒಡಹುಟ್ಟಿದವರನ್ನೆಲ್ಲ ಕೂಡಿಸಿಕೊಂಡು 24 ಹಾಡು ಕಟ್ಟಿದರು. ದಿನದ ಒಂದೊಂದು ಗಂಟೆಗೆ ಒಂದೊಂದು ಪ್ರಾರ್ಥನೆ. 1995ರಲ್ಲಿ ಅದೇ 'ಎ ಪ್ರೇಯರ್ ಫಾರ್ ಎವ್ರಿ ಅವರ್' ಎಂಬ ಆಲ್ಬಂ ಆಗಿ ಹೊರಬಂತು. ಆಗ ತಂಡದ ಹೆಸರು ಡ್ಯಾನಿಯಲ್ಸನ್ ಫ್ಯಾಮೀಲ್. ಅಣ್ಣ, ತಮ್ಮಂದಿರು, ತಂಗಿಯರು ಎಲ್ಲ ಬಿಳಿ ನರ್ಸ್ ಸಮವಸ್ತ್ರ ತೊಟ್ಟು ವೇದಿಕೆಗೆ ಬರುತ್ತಿದ್ದರು. ದೇವರು ಗಾಯ ವಾಸಿಮಾಡುತ್ತಾನೆ ಅನ್ನುವುದಕ್ಕೆ ಅದು ಗುರುತು. ಒಬ್ಬರೇ ಹಾಡುವಾಗ ಸ್ಮಿತ್ ಒಂಬತ್ತು ಹಣ್ಣು ತೂಗುವ ದೊಡ್ಡ ಮರದ ವೇಷದೊಳಗೆ ನಿಂತು, ಮುಖ ಮಾತ್ರ ಹೊರಗಿಟ್ಟು ಹಾಡುತ್ತಿದ್ದರು. ಈ ಒಂಬತ್ತು ಹಣ್ಣು ಎಲ್ಲಿಂದ ಬಂತು ಅಂತ ಹುಡುಕಿದಾಗ ಗಲಾತ್ಯದವರಿಗೆ ಬರೆದ ಪತ್ರದ ಐದನೇ ಅಧ್ಯಾಯದಲ್ಲಿ ಸಿಕ್ಕಿತು: ಪ್ರೀತಿ, ಸಂತೋಷ, ಸಮಾಧಾನ, ದೀರ್ಘಶಾಂತಿ, ದಯೆ, ಉಪಕಾರ, ನಂಬಿಕೆ, ಸಾಧುತ್ವ, ಶಮೆದಮೆ. ಪವಿತ್ರಾತ್ಮನ ಫಲಗಳು. ಅದನ್ನು ಓದಿ ಬೇರೆಯವರು ಧರ್ಮಬೋಧೆ ಮಾಡುತ್ತಾರೆ. ಇವರು ಬಟ್ಟೆ ಹೊಲಿಸಿಕೊಂಡರು.

ಇನ್ನು ದನಿ. ಸ್ಮಿತ್ ಹಾಡುವುದಿಲ್ಲ, ಕೀರಲು ದನಿಯಲ್ಲಿ ಚೀರುತ್ತಾರೆ. ಅದೂ ತಾರಸ್ಥಾಯಿಯಲ್ಲಿ, ಒಮ್ಮೆಗೇ. ಮನೆಯಲ್ಲಿ ಸ್ಪೀಕರ್‌ಗೆ ಹಾಕಿದ ದಿನ ಅಮ್ಮ ಒಳಗಿನಿಂದ, "ಏನೋ ಅದು, ಬೆಕ್ಕಿನ ಬಾಲ ತುಳಿದ ಹಾಗೆ!" ಅಂದರು. ಅದಕ್ಕಿಂತ ಚೆನ್ನಾಗಿ ಯಾವ ವಿಮರ್ಶಕನೂ ಹೇಳಿಲ್ಲ. ತಮಾಷೆ ಏನೆಂದರೆ, ಸ್ಮಿತ್ ಅವರ ತಂದೆ ಲೆನ್ನಿ ಸ್ಮಿತ್ ಬರೆದ 'ಅವರ್ ಗಾಡ್ ರೇನ್ಸ್' ಎಂಬ ಭಕ್ತಿಗೀತೆ ಎಷ್ಟೋ ದೇಶದ ಚರ್ಚುಗಳಲ್ಲಿ ಹಾಡಿಕೆಯಲ್ಲಿದೆ. ಅಪ್ಪನ ಹಾಡನ್ನು ಯಾರು ಬೇಕಾದರೂ ಹಾಡಬಹುದು. ಮಗನ ಹಾಡನ್ನು ಮಗನೇ ಹಾಡಬೇಕು.

ಹಾಗಾದರೆ ಏಕೆ ಕೇಳಬೇಕು? ದನಿಯ ಸುತ್ತ ಏನು ನಡೆಯುತ್ತದೆ ಅಂತ ಗಮನ ಕೊಟ್ಟರೆ ಗೊತ್ತಾಗುತ್ತದೆ. ಅಣ್ಣ ಒಂದು ಸಾಲು ಕಿರುಚಿದರೆ ತಂಗಿಯರು ತಣ್ಣಗೆ ಉತ್ತರ ಕೊಡುತ್ತಾರೆ. ಚಪ್ಪಾಳೆ, ಗಂಟೆ, ಓಡಿ ಥಟ್ಟನೆ ನಿಲ್ಲುವ ತಾಳ. ಮಕ್ಕಳ ಆಟಕ್ಕಿರುವಂಥ ನಿಯಮ ಇದಕ್ಕೂ ಇದೆ. ಹೊರಗಿನವರಿಗೆ ಗೊತ್ತಾಗುವುದಿಲ್ಲ, ಆಡುವವರಿಗೆ ಪಕ್ಕಾ ಗೊತ್ತು. 2001ರ 'ಫೆಚ್ ದಿ ಕಂಪಾಸ್ ಕಿಡ್ಸ್' ಆಲ್ಬಂ ಅನ್ನು ಧ್ವನಿಮುದ್ರಿಸಿದವರು ಸ್ಟೀವ್ ಆಲ್ಬಿನಿ. ಪಾಲಿಷ್ ಅಂದರೆ ಆಗದ ಮನುಷ್ಯ. ಅದಕ್ಕೇ ಆ ಮನೆಮಂದಿ ನಿಮ್ಮ ಕೋಣೆಯಲ್ಲೇ ಕೂತು ಬಾರಿಸುತ್ತಿದ್ದಾರೆ ಅನ್ನಿಸುತ್ತದೆ. 2006ರ 'ಶಿಪ್ಸ್' ಇನ್ನೂ ದೊಡ್ಡ ಜಾತ್ರೆ. ಡಿಯರ್‌ಹೂಫ್ ತಂಡದವರೂ ಸೇರಿ ಹತ್ತಾರು ಅತಿಥಿಗಳು ಅದರಲ್ಲಿ ಬಂದು ನುಡಿಸಿದ್ದಾರೆ. ಹೊಸಬರಿಗೆ 'ಶಿಪ್ಸ್' ಸುಲಭ. ನನಗೆ 'ಕಂಪಾಸ್ ಕಿಡ್ಸ್' ಇಷ್ಟ.

'ಶಿಪ್ಸ್'ನಲ್ಲಿ ದೇವರ ವಿಷಯದಲ್ಲಿ ನಾನು ಸೋಮಾರಿ ಅಂತ ತಲೆಬರಹದಲ್ಲೇ ಒಪ್ಪಿಕೊಳ್ಳುವ ಒಂದು ಹಾಡಿದೆ. ಅದನ್ನು ಕೇಳಿದಾಗ ನಮ್ಮ ದಾಸರು ದೇವರ ಹತ್ತಿರ ಸಲಿಗೆಯಿಂದ, ಜಗಳ ಆಡುವ ಹಾಗೆ ಮಾತಾಡುವುದು ನೆನಪಾಯಿತು. ಭಯ ಇಲ್ಲ. ಗಾಂಭೀರ್ಯದ ನಾಟಕವೂ ಇಲ್ಲ.

ಇದರ ನೇರ ಎದುರಾಳಿ ಸೂಫ್ಜಾನ್ ಸ್ಟೀವನ್ಸ್ ಅವರ 'ಸೆವೆನ್ ಸ್ವಾನ್ಸ್', 2004. ಎದುರಾಳಿ ಅಂದೆ, ಆದರೆ ಇದೂ ಅದೇ ಮನೆಯ ಕೂಸು. ಸೂಫ್ಜಾನ್ ಡ್ಯಾನಿಯಲ್ಸನ್ ಜತೆ ಪ್ರವಾಸ ಮಾಡಿ ನುಡಿಸುತ್ತಿದ್ದವರು. ಈ ಆಲ್ಬಂನ ನಿರ್ಮಾಪಕ ಡ್ಯಾನಿಯಲ್ ಸ್ಮಿತ್. ಹೊರತಂದದ್ದೂ ಸ್ಮಿತ್ ಅವರ ಸೌಂಡ್ಸ್ ಫ್ಯಾಮಿಲಿಯರ್ ಎಂಬ ಲೇಬಲ್, ಅಂದರೆ ಆಲ್ಬಂ ಹೊರತರುವ ಸಂಸ್ಥೆ. ಅಷ್ಟಾದರೂ ಕೇಳಿದರೆ ನಂಬಲಾಗುವುದಿಲ್ಲ. ಬ್ಯಾಂಜೋ, ಕಿವಿಯ ಹತ್ತಿರ ಬಂದು ಆಡಿದಂಥ ಪಿಸುದನಿ, ಹಿಂದೆ ಒಂದಿಬ್ಬರ ಕೋರಸ್. ಚೀರುವ ಮನುಷ್ಯನೇ ಇಷ್ಟು ಮೆತ್ತಗಿನ ಆಲ್ಬಂ ಮಾಡಿಸಿದರಲ್ಲ ಅಂತ ಆಶ್ಚರ್ಯ ಆಗುತ್ತದೆ.

ಇದರಲ್ಲಿ 'ಅಬ್ರಹಾಂ' ಅಂತ ಒಂದು ಪುಟ್ಟ ಹಾಡಿದೆ. ಆದಿಕಾಂಡದ 22ನೇ ಅಧ್ಯಾಯ: ಅಪ್ಪ ಮಗನನ್ನು ಬಲಿ ಕೊಡಲು ಬೆಟ್ಟ ಹತ್ತುತ್ತಾನೆ, ಕೊನೆಗೆ ಪೊದೆಯಲ್ಲಿ ಟಗರು ಸಿಗುತ್ತದೆ. ಸೂಫ್ಜಾನ್ ಏನನ್ನೂ ವಿವರಿಸುವುದಿಲ್ಲ, ನೀತಿ ಹೇಳುವುದಿಲ್ಲ. ಮೂರು ನಿಮಿಷವೂ ಆಗುವ ಮೊದಲೇ ಮುಗಿಸಿಬಿಡುತ್ತಾರೆ. 'ಟು ಬಿ ಅಲೋನ್ ವಿತ್ ಯು' ಹಾಡು ಪ್ರಿಯತಮೆಗೋ ಯೇಸುವಿಗೋ ಅಂತ ಕೊನೆಯವರೆಗೂ ಹಿಡಿತಕ್ಕೆ ಸಿಗುವುದಿಲ್ಲ. ಶರಣಸತಿ, ಲಿಂಗಪತಿ ಭಾವ ಕೇಳಿ ಬೆಳೆದ ನಮಗೆ ಇದೇನು ಹೊಸದಲ್ಲ, ಅಲ್ವಾ? ಅಮೆರಿಕದ ಕೇಳುಗರಿಗೆ ಮಾತ್ರ ಇದು ದೊಡ್ಡ ಚರ್ಚೆಯ ವಿಷಯ.

ರಾತ್ರಿ ಕೇಳಲು 'ಸೆವೆನ್ ಸ್ವಾನ್ಸ್' ಮುಂದೆ ಡ್ಯಾನಿಯಲ್ಸನ್ ನಿಲ್ಲುವುದೇ ಇಲ್ಲ. ಆದರೆ ಒಂದು ತಕರಾರು. ಇದು ಎಷ್ಟು ಚಂದ ಅಂದರೆ, ಸುಮ್ನೆ ಹಿನ್ನೆಲೆಯಲ್ಲಿ ಹಾಕಿ ಮರೆತುಬಿಡಬಹುದು. ಕಾಫಿ ಅಂಗಡಿಯಲ್ಲೂ ಹೊಂದುತ್ತದೆ. ಒಬ್ಬ ಮನುಷ್ಯ ದೇವರ ಮುಂದೆ ನಡುಗುತ್ತಿದ್ದಾನೆ ಅನ್ನುವುದೇ ಗೊತ್ತಾಗದೆ ಹಾಡು ಮುಗಿದಿರುತ್ತದೆ. ಡ್ಯಾನಿಯಲ್ಸನ್ ಹಾಕಿ ಯಾರಾದರೂ ಮರೆತುಬಿಡಲಿ ನೋಡೋಣ.

ನಡುಗಿಸುವುದೇ ಬೇಕು ಅಂದರೆ ವೋವನ್‌ಹ್ಯಾಂಡ್ ಇದೆ. ಕೊಲರಾಡೋದ ಡೆನ್ವರ್ ಕಡೆಯ ಡೇವಿಡ್ ಯೂಜೀನ್ ಎಡ್ವರ್ಡ್ಸ್ ಅವರ ತಂಡ. ಅವರ ತಾತ ನಜರೀನ್ ಎಂಬ ಪ್ರಾಟೆಸ್ಟೆಂಟ್ ಪಂಥದ ಬೋಧಕರು, ಮೊಮ್ಮಗ ಅವರ ಹಿಂದೆ ಓಡಾಡಿ ಬೆಳೆದವರು. ಮೊದಲು ಸಿಕ್ಸ್‌ಟೀನ್ ಹಾರ್ಸ್‌ಪವರ್ ಎಂಬ ತಂಡ ಕಟ್ಟಿ, ಹಳೆ ಬ್ಯಾಂಜೋ ಮತ್ತು ಕಾನ್ಸರ್ಟಿನಾ (ಕೈಯಲ್ಲಿ ಹಿಡಿದು ತಿದಿ ಒತ್ತಿ ನುಡಿಸುವ ವಾದ್ಯ) ಹಿಡಿದು ಪಾಪ, ತೀರ್ಪು, ಬೆಂಕಿ ಅಂತ ಗುಡುಗಿದರು. ಆ ತಂಡ 2005ರಲ್ಲಿ ಮುಗಿಯಿತು. ಅಷ್ಟರಲ್ಲೇ ವೋವನ್‌ಹ್ಯಾಂಡ್ ಶುರುವಾಗಿತ್ತು. ನಾನು ಹೋಲಿಕೆಗೆ ಹಿಡಿದದ್ದು 2004ರ 'ಕನ್ಸಿಡರ್ ದಿ ಬರ್ಡ್ಸ್'. ಮತ್ತಾಯನ ಆರನೇ ಅಧ್ಯಾಯದ ಹಕ್ಕಿಗಳು. ಬಿತ್ತುವುದಿಲ್ಲ, ಕೊಯ್ಯುವುದಿಲ್ಲ, ಆದರೂ ದೇವರು ಸಾಕುತ್ತಾನೆ. ಇಂಥ ಸಮಾಧಾನದ ಮಾತನ್ನು ಹೆಸರಾಗಿ ಇಟ್ಟುಕೊಂಡು, ಕರಿಮೋಡ ಕವಿದಂಥ ಹಾಡು ಮಾಡಿದ್ದಾರೆ. ಒಳ್ಳೆಯ ಇಯರ್‌ಫೋನ್‌ನಲ್ಲಿ ಕೇಳಿದರೆ ಮೈ ಜುಂ ಅನ್ನುತ್ತದೆ. ದನಿ ಅದ್ಭುತ. ಆದರೆ ಈ ಮನುಷ್ಯ ಒಮ್ಮೆಯೂ ನಗುವುದಿಲ್ಲ. ಅರ್ಧ ಆಲ್ಬಂ ಕಳೆಯುವಷ್ಟರಲ್ಲಿ ನನಗೆ ಬೈಸಿಕೊಂಡ ಹಾಗೆ ಆಗುತ್ತದೆ. ಮಳೆಗಾಲದ ಸಂಜೆಗೆ ಸರಿ, ದಿನಾ ಆಗುವುದಿಲ್ಲ.

ಫಿಲಡೆಲ್ಫಿಯಾದ ಮಿವಿದೌಟ್‌ಯೂ ತಂಡ ಬೇರೆ ಥರ. ಇವರ ಆರಂಭದ ಆಲ್ಬಂಗಳಲ್ಲಿ ಗಾಯಕ ಏರನ್ ವೈಸ್ ಹಾಡುವುದಕ್ಕಿಂತ ಕೂಗಿ ಮಾತಾಡುವುದೇ ಜಾಸ್ತಿ. ನನಗೆ ಅವು ಕಷ್ಟ. ನಾನು ಹಿಡಿದು ಕೂತದ್ದು 2009ರ ಆಲ್ಬಂ. ಎಲ್ಲಾ ಹುಚ್ಚು, ಎಲ್ಲಾ ಸುಳ್ಳು, ಎಲ್ಲಾ ಕನಸು, ಪರವಾಗಿಲ್ಲ ಅನ್ನುವ ಉದ್ದನೆ ಹೆಸರು ಅದಕ್ಕೆ. ಆ ಮಾತು ಬಾವಾ ಮುಹೈಯದ್ದೀನ್ ಅವರದ್ದು. ಶ್ರೀಲಂಕಾದ ಸೂಫಿ ಸಂತ, 1971ರಲ್ಲಿ ಫಿಲಡೆಲ್ಫಿಯಾಕ್ಕೆ ಬಂದು ತಮಿಳಿನಲ್ಲೇ ಉಪದೇಶ ಮಾಡುತ್ತಿದ್ದವರು. ವೈಸ್ ಅವರ ತಂದೆ ಯಹೂದಿ ಮೂಲದವರು. ತಂದೆ ತಾಯಿ ಇಬ್ಬರೂ ಸೂಫಿ ದಾರಿಗೆ ಬಂದವರು. ಮಗ ಯೇಸುವನ್ನು ಹಾಡುತ್ತಾ, ಅದೇ ಆಲ್ಬಂನ ಕೊನೆಗೆ ಅಲ್ಲಾ ಅಲ್ಲಾ ಅನ್ನುತ್ತಾರೆ. ಕ್ರೈಸ್ತ ಲೇಬಲ್‌ನಿಂದ ಬಂದ ಆಲ್ಬಂನಲ್ಲಿ!

ಶಿಶುನಾಳ ಶರೀಫರ ನಾಡಿನವರಿಗೆ ಇದು ಮನೆಯ ಮಾತೇ. ಕಥೆಗಳೂ ಹಾಗೇ ಇವೆ. ಒಂದು ಹಾಡಿನಲ್ಲಿ ನರಿ, ಕಾಗೆ ಮತ್ತು ಒಂದು ಬಿಸ್ಕತ್ತು. ಇನ್ನೊಂದರಲ್ಲಿ ತೆಂಗಿನ ತೋಟದಲ್ಲಿ ದುಂಬಿಗಳ ರಾಜ. ದೂರದಲ್ಲಿ ಬೆಂಕಿಯ ಬೆಳಕು ಕಂಡು, ಅದೇನು ತಿಳಿದು ಬನ್ನಿ ಅಂತ ಪಂಡಿತ ದುಂಬಿಯನ್ನು ಕಳಿಸುತ್ತಾನೆ, ಸೈನಿಕ ದುಂಬಿಯನ್ನು ಕಳಿಸುತ್ತಾನೆ. ಯಾರಿಗೂ ಗೊತ್ತಾಗುವುದಿಲ್ಲ. ಕೊನೆಗೆ ರಾಜನೇ ಹಾರಿ ಬೆಂಕಿಯೊಳಗೆ ಹೋಗುತ್ತಾನೆ. (ತಿಪಟೂರು ಕಡೆಯವರಿಗೆ ತೋಟದ ದುಂಬಿ ಸುಟ್ಟುಹೋದರೆ ದುಃಖ ಆಗುತ್ತದೋ ಇಲ್ಲವೋ, ಬೇರೆ ವಿಷಯ.) ಈ ಹಾಡಿನ ಕೊನೆಯ ಒಂದು ನಿಮಿಷ, ಈ ಎಲ್ಲಾ ಆಲ್ಬಂಗಳಲ್ಲಿ ನಾನು ಕೇಳಿದ ಅತಿ ಒಳ್ಳೆಯ ನಿಮಿಷ. ದೇವರ ಬಗ್ಗೆ ಮಾತಾಡುವುದು ಬೇರೆ, ಒಳಗೆ ಹೋಗುವುದು ಬೇರೆ ಅನ್ನುವುದನ್ನು ಹುಳುವಿನ ಕಥೆಯಲ್ಲಿ ಮುಗಿಸಿಬಿಟ್ಟಿದ್ದಾರೆ.

ಇವರ 2012ರ 'ಟೆನ್ ಸ್ಟೋರೀಸ್' ಕೂಡ ಪ್ರಾಣಿಗಳದ್ದೇ. 1878ರಲ್ಲಿ ಮೊಂಟಾನಾದಲ್ಲಿ ಸರ್ಕಸ್ ರೈಲು ಹಳಿ ತಪ್ಪಿ, ಪ್ರಾಣಿಗಳು ಹೊರಗೆ ಬರುವ ಕಲ್ಪನೆ. ನಿರ್ಮಾಪಕ ಯಾರು ಅಂದುಕೊಂಡಿರಿ? ಮತ್ತೆ ಡ್ಯಾನಿಯಲ್ ಸ್ಮಿತ್. ಸದ್ದಿನಲ್ಲಿ ಇದು 2009ರದ್ದಕ್ಕಿಂತ ಗಟ್ಟಿ, ಕಥೆಯಲ್ಲಿ ಸ್ವಲ್ಪ ಸಿಕ್ಕು. ತಂಡ 2022ರಲ್ಲಿ ಆಟ ಮುಗಿಸಿತು.

ಹಾಫ್-ಹ್ಯಾಂಡೆಡ್ ಕ್ಲೌಡ್ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ, ಏಕೆಂದರೆ ಹಾಡುಗಳೇ ಚಿಕ್ಕವು. ಜಾನ್ ರಿಂಗ್‌ಹೋಫರ್ ಅವರ ಒಬ್ಬರ ತಂಡ. ಬಹಳ ಹಾಡು ಎರಡು ನಿಮಿಷ ಮುಟ್ಟುವುದಿಲ್ಲ. 2005ರ ಆಲ್ಬಂನ ಹೆಸರು 'ನಿನ್ನ ವಾಕ್ಯವು ನನ್ನ ಕಾಲಿಗೆ ದೀಪ' ಅನ್ನುವ 119ನೇ ಕೀರ್ತನೆಯ ಸಾಲನ್ನು ತಲೆಕೆಳಗು ಮಾಡಿ ಕಟ್ಟಿದ್ದು. ಒಳಗೆ ಹಳೆಯ ಒಡಂಬಡಿಕೆಯ ಕಥೆಗಳು, ಆಟಿಕೆ ವಾದ್ಯ, ಟ್ರೊಂಬೋನ್. ಖುಷಿಯಾಗುತ್ತದೆ. ಆದರೆ ಒಂದು ರಾಗ ಹಿಡಿಯಿತು ಅನ್ನುವಷ್ಟರಲ್ಲಿ ಮುಂದಿನದು ಬಂದಿರುತ್ತದೆ. ಬಸ್ಸಿನಲ್ಲಿ ಪೂರ್ತಿ ಆಲ್ಬಂ ಕೇಳಿ ಇಳಿದರೆ ಒಂದು ಸಾಲೂ ನೆನಪಿರುವುದಿಲ್ಲ. ಸ್ಯಾನ್ ಡಿಯೇಗೋದ ಸೋಲ್-ಜಂಕ್ ಬೈಬಲ್ ವಚನಗಳನ್ನೇ ಎತ್ತಿ ಹಾಡುವವರು, ಆಲ್ಬಂಗಳಿಗೆ 1950, 1951 ಅಂತ ಸುಮ್ನೆ ಇಸವಿಯ ಹೆಸರಿಡುವವರು. ಆ ಹಠ ಮೆಚ್ಚಿಗೆಯಾಯಿತು, ಸಂಗೀತ ಕಿವಿಗೆ ಇಳಿಯಲಿಲ್ಲ. ಅಲ್ಲಿಗೆ ಬಿಟ್ಟೆ.

ಹೀಗೆ ಪಕ್ಕಪಕ್ಕ ಇಟ್ಟು ಕೇಳಿದಾಗ ನನಗೆ ಕಂಡ ವ್ಯತ್ಯಾಸ ವಾದ್ಯದ್ದಲ್ಲ, ಯಾರ ಹತ್ತಿರ ಮಾತಾಡುತ್ತಿದ್ದಾರೆ ಅನ್ನುವುದರದ್ದು. ಸೂಫ್ಜಾನ್ ದೇವರ ಹತ್ತಿರ ಮಾತಾಡುತ್ತಾರೆ, ನಾವು ಬಾಗಿಲಾಚೆ ನಿಂತು ಕೇಳಿಸಿಕೊಳ್ಳುತ್ತೇವೆ. ಎಡ್ವರ್ಡ್ಸ್ ನಮ್ಮನ್ನು ಎದುರಿಗೆ ಕೂರಿಸಿಕೊಂಡು ಎಚ್ಚರಿಸುತ್ತಾರೆ. ವೈಸ್ ತಮ್ಮ ಜತೆ ತಾವೇ ವಾದ ಮಾಡುತ್ತಾರೆ. ಡ್ಯಾನಿಯಲ್ಸನ್ ಮಾತ್ರ ಮನೆಯವರನ್ನೆಲ್ಲ ಕಟ್ಟಿಕೊಂಡು ಆಟಕ್ಕೆ ನಿಂತಿದ್ದಾರೆ, ಬರುವವರು ಬನ್ನಿ ಅಂತ. ನಂಬದವನನ್ನೂ ಒಳಗೆ ಬಿಟ್ಟುಕೊಳ್ಳುವುದು ಆ ಆಟವೇ. ಹಾಗಾಗಿ ನನ್ನ ಮಟ್ಟಿಗೆ ಮೊದಲ ಜಾಗ 'ಫೆಚ್ ದಿ ಕಂಪಾಸ್ ಕಿಡ್ಸ್'ಗೆ. ಎರಡನೆಯದು ದುಂಬಿ ರಾಜನ ಆಲ್ಬಂ. 'ಸೆವೆನ್ ಸ್ವಾನ್ಸ್' ಮೂರನೆಯದು. ಆದರೆ ಯಾರಿಗಾದರೂ ಉಡುಗೊರೆ ಕೊಡುವುದಾದರೆ ಅದನ್ನೇ ಕೊಡುತ್ತೇನೆ, ಉಳಿದವು ಸ್ನೇಹ ಕೆಡಿಸಬಹುದು.

ನೀವು ಶುರು ಮಾಡುವುದಾದರೆ ಮೊದಲು 'ಶಿಪ್ಸ್'ನಿಂದ 'ಡಿಡ್ ಐ ಸ್ಟೆಪ್ ಆನ್ ಯುವರ್ ಟ್ರಂಪೆಟ್' ಹಾಕಿ. ಪಲ್ಲವಿಗೆ ಕಾಲು ತಾನಾಗೇ ಕುಣಿದರೆ ನೇರ 'ಕಂಪಾಸ್ ಕಿಡ್ಸ್'ಗೆ ಹೋಗಿ. ಅರ್ಧ ನಿಮಿಷದಲ್ಲೇ ಆಫ್ ಮಾಡಬೇಕು ಅನ್ನಿಸಿದರೆ ಆಫ್ ಮಾಡಿ, ರಾತ್ರಿಗೆ ಸೂಫ್ಜಾನ್ ಇಟ್ಟುಕೊಳ್ಳಿ. 24 ಪ್ರಾರ್ಥನೆಗಳ ಆ ಮೊದಲ ಆಲ್ಬಂಗೆ ಮಾತ್ರ ಈಗಲೇ ಕೈ ಹಾಕಬೇಡಿ. ಅದು ಬಹಳ ಉದ್ದ, ಬಹಳ ಒರಟು. ಅದನ್ನು ಮನೆಯಲ್ಲಿ ಯಾರೂ ಇಲ್ಲದಾಗಲೇ ಕೇಳಬೇಕು.