ಪಾಲಿಯ ಕಣ್ಣಲ್ಲಿ ಕಲೆ ಮತ್ತು ಪ್ರೀತಿ

ಒಂದು ಕಲಾಕೃತಿ ಒಳ್ಳೆಯದೋ ಅಲ್ಲವೋ ಎಂದು ತೀರ್ಮಾನಿಸುವ ಅಧಿಕಾರ ಯಾರದು ಎಂಬ ಪ್ರಶ್ನೆಯನ್ನು ನಗಿಸುತ್ತಲೇ ಎತ್ತುವ ಚಿತ್ರ ‘ಐವ್ ಹರ್ಡ್ ದ ಮರ್ಮೇಡ್ಸ್ ಸಿಂಗಿಂಗ್’. ಕೆನಡಾದ ಪೆಟ್ರೀಷಿಯಾ ರೊಜೆಮಾ ಅವರ ಈ ಮೊದಲ ಕಥಾಚಿತ್ರ ಬಹಳ ಕಡಿಮೆ ಹಣದಲ್ಲಿ ಟೊರಾಂಟೊದಲ್ಲಿ ತಯಾರಾಗಿ, 1987ರ ಕಾನ್ ಚಿತ್ರೋತ್ಸವದಲ್ಲಿ ಯುವ ಪ್ರಶಸ್ತಿಯನ್ನು ಪಡೆಯಿತು.

ತಾತ್ಕಾಲಿಕ ಕೆಲಸಗಳಲ್ಲಿ ದಿನ ದೂಡುವ, ಬಿಡುವಿನಲ್ಲಿ ಫೋಟೊ ತೆಗೆಯುವ ಪಾಲಿ, ಒಂದು ಕಲಾ ಗ್ಯಾಲರಿಯಲ್ಲಿ ಸಹಾಯಕಿಯಾಗಿ ಸೇರುತ್ತಾಳೆ. ಅಲ್ಲಿನ ಮುಖ್ಯಸ್ಥೆ ಗೇಬ್ರಿಯೆಲ್‌ಳ ನಡೆನುಡಿಗೆ ಮನಸೋಲುತ್ತಾಳೆ. ಈ ಒಲವು ಆರಾಧನೆಯೋ ಆಸೆಯೋ ಎಂದು ಹಣೆಪಟ್ಟಿ ಹಚ್ಚುವ ಆತುರ ಚಿತ್ರಕ್ಕಿಲ್ಲ. ಗೇಬ್ರಿಯೆಲ್ ಮತ್ತು ಕಲಾವಿದೆ ಮೇರಿಯ ನಡುವಿನ ಪ್ರೇಮವನ್ನೂ ಇದು ಸಮಸ್ಯೆಯನ್ನಾಗಿ ಮಾಡುವುದಿಲ್ಲ, ಉಪದೇಶಕ್ಕೂ ಬಳಸಿಕೊಳ್ಳುವುದಿಲ್ಲ. ಎಂಬತ್ತರ ದಶಕದ ಸಿನಿಮಾದಲ್ಲಿ ಇಂಥ ಸಹಜತೆ ದೊಡ್ಡ ಸಂಗತಿ. ಅವರಿಬ್ಬರು ಮುತ್ತಿಡುವುದನ್ನು ಪಾಲಿ ಗ್ಯಾಲರಿಯ ಕಾವಲು ಕ್ಯಾಮೆರಾದ ಪರದೆಯಲ್ಲಿ ಕಾಣುವ ದೃಶ್ಯದಲ್ಲಿ, ಪಾಲಿಯಾಗಿ ನಟಿಸಿದ ಶೀಲಾ ಮೆಕಾರ್ಥಿ ಅವರ ಮುಖದಲ್ಲಿ ಕುತೂಹಲ, ನಾಚಿಕೆ, ನೋವು ಒಂದರ ಮೇಲೊಂದು ಹಾದುಹೋಗುತ್ತವೆ.

ಚಿತ್ರದ ತಿರುಳಿರುವುದು ಎರಡು ಬಗೆಯ ಕೃತಿಗಳಲ್ಲಿ. ಎಲ್ಲರೂ ಹೊಗಳುವ ವರ್ಣಚಿತ್ರಗಳು ನಮಗೆ ಕಾಣುವುದು ಚೌಕಟ್ಟಿನೊಳಗೆ ಹೊಳೆಯುವ ಬರೀ ಬೆಳಕಾಗಿ. ಅಲ್ಲಿ ಏನಿದೆಯೆಂದು ರೊಜೆಮಾ ಕೊನೆಯವರೆಗೂ ತೋರಿಸುವುದಿಲ್ಲ. ಪಾಲಿಯ ಫೋಟೊಗಳನ್ನಾದರೋ ನಾವು ಕಣ್ಣಾರೆ ನೋಡಿರುತ್ತೇವೆ. ಆದ್ದರಿಂದಲೇ, ಅವಳು ಹುಸಿ ಹೆಸರಿನಲ್ಲಿ ಕಳುಹಿಸಿದ ಆ ಫೋಟೊಗಳನ್ನು ಗೇಬ್ರಿಯೆಲ್ ಅವಳೆದುರೇ ತುಚ್ಛವಾಗಿ ತಳ್ಳಿಹಾಕುವಾಗ ಪೆಟ್ಟು ನಮಗೂ ಬೀಳುತ್ತದೆ. ಆ ವರ್ಣಚಿತ್ರಗಳ ಹಿಂದಿನ ಗುಟ್ಟನ್ನು ಇಲ್ಲಿ ಬಿಟ್ಟುಕೊಡುವುದು ಸರಿಯಲ್ಲ.

ಪಾಲಿಯ ಹಗಲುಗನಸುಗಳು ಕಪ್ಪು-ಬಿಳುಪಿನಲ್ಲಿವೆ: ಎತ್ತರದ ಕಟ್ಟಡದ ಹೊರಗೋಡೆಯನ್ನು ಹತ್ತುತ್ತಾಳೆ, ಗಾಳಿಯಲ್ಲಿ ಹಾರುತ್ತಾಳೆ. ಭಾರತದಲ್ಲಿ ನಡೆಯುವ ಕಥೆಯುಳ್ಳ ‘ಲಾಕ್ಮೆ’ ಎಂಬ ಫ್ರೆಂಚ್ ಒಪೆರಾದ ಯುಗಳಗೀತೆ ಚಿತ್ರಕ್ಕೆ ಚೆನ್ನಾಗಿ ಹೊಂದಿದೆ.

ಕೊರತೆಗಳಿಲ್ಲವೆಂದಲ್ಲ. ಪಾಲಿ ವಿಡಿಯೊ ಕ್ಯಾಮೆರಾದೆದುರು ಕುಳಿತು ಕಥೆ ಹೇಳುವ ತಂತ್ರ ಕೆಲವೆಡೆ ಓಟವನ್ನು ತಡೆಯುತ್ತದೆ. ಗ್ಯಾಲರಿಯ ಜಗತ್ತಿನ ವಿಡಂಬನೆಯೂ ಅಲ್ಲಲ್ಲಿ ಸುಲಭದ್ದಾಗಿದೆ. ಆದರೆ ಪೋಲ್ ಬಾಯರ್ಜೋಂ ಅವರು ಗೇಬ್ರಿಯೆಲ್‌ಳನ್ನು ಖಳನಾಯಕಿಯಾಗಲು ಬಿಡದೆ, ತನಗಿಲ್ಲದ ಪ್ರತಿಭೆಗಾಗಿ ಹಂಬಲಿಸುವ ಹೆಣ್ಣಾಗಿ ನಿಲ್ಲಿಸಿದ್ದಾರೆ. ಅವರಿಗೂ ಮೆಕಾರ್ಥಿ ಅವರಿಗೂ ಕೆನಡಾದ ಜೀನಿ ಪ್ರಶಸ್ತಿ ಸಂದದ್ದು ನ್ಯಾಯವೇ. ಬರೆದದ್ದನ್ನು, ಬಿಡಿಸಿದ್ದನ್ನು ಯಾರಿಗೂ ತೋರಿಸಲು ಹಿಂಜರಿಯುವವರು ಇದನ್ನು ಅಗತ್ಯವಾಗಿ ನೋಡಬೇಕು.